ಕವಣೆಯ ಕಲ್ಲಿನ ಲೆಕ್ಕ

ದಾರದ ತುದಿಗೆ ಕಟ್ಟಿದ ಕಲ್ಲೊಂದು ಸಮ ಜವದಲ್ಲಿ ಸುತ್ತುತ್ತಿದ್ದರೆ ದಾರ ಅದನ್ನು ಎಷ್ಟು ಬಲದಿಂದ ಹಿಡಿದಿರಬೇಕು? ಕಲ್ಲಿನ ದ್ರವ್ಯರಾಶಿಯನ್ನು ಜವದ ವರ್ಗದಿಂದ ಗುಣಿಸಿ, ವೃತ್ತದ ತ್ರಿಜ್ಯದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ವಿಜ್ಞಾನ ಓದಿದವರೆಲ್ಲ ಒಮ್ಮೆಯಾದರೂ ಬರೆದಿರುವ ಈ ಸೂತ್ರಕ್ಕೆ ಈಗ ಮುನ್ನೂರ ಅರವತ್ತು ವರ್ಷ ದಾಟಿದೆ. ಗ್ರಹಗಳ ಸ್ಥಾನವನ್ನು ಅಂಶ ಕಲೆಗಳಲ್ಲಿ ಲೆಕ್ಕ ಹಾಕುತ್ತಿದ್ದ ಪ್ರಾಚೀನರಿಗೆ ಇದು ಸಿಕ್ಕಿರಲಿಲ್ಲ. ಅವರ ಗಣಿತ ಬಡವಾಗಿತ್ತೆಂದಲ್ಲ; ಸುತ್ತುವುದಕ್ಕೂ ಒಂದು ಬಲ ಬೇಕು ಎಂದು ಅವರಿಗೆ ಅನಿಸಿರಲೇ ಇಲ್ಲ. ಈ ಸೂತ್ರದ ಚರಿತ್ರೆಯಲ್ಲಿ ಇನ್ನೊಂದು ವಿಚಿತ್ರವಿದೆ. ಬಲ ಎಷ್ಟು ಎಂಬುದು ಮೊದಲು ಸರಿಯಾಗಿ ಗೊತ್ತಾಯಿತು. ಅದು ಯಾವ ಕಡೆಗೆ ಎಂಬುದು ಇತ್ಯರ್ಥವಾಗಲು ಮತ್ತೆ ಇಪ್ಪತ್ತೈದು ವರ್ಷ ಹಿಡಿಯಿತು.

ಅರಿಸ್ಟಾಟಲನ ಪ್ರಕಾರ ಕಲ್ಲು ಕೆಳಗೆ ಬೀಳುವುದು, ಬೆಂಕಿ ಮೇಲೇಳುವುದು ಹೇಗೆ ಸಹಜವೋ ಆಕಾಶಕಾಯಗಳು ಸುತ್ತುವುದೂ ಹಾಗೆಯೇ ಸಹಜ. ಅವು ಮಣ್ಣು, ನೀರು, ಗಾಳಿ, ಬೆಂಕಿಗಳಿಗೆ ಸೇರದ ಐದನೆಯ ಧಾತುವಿನಿಂದ ಆದವು. ಆ ಧಾತುವಿನ ಸ್ವಭಾವವೇ ವೃತ್ತದಲ್ಲಿ ಚಲಿಸುವುದು. ಸ್ವಭಾವಕ್ಕೆ ಕಾರಣ ಕೇಳುವವರು ಯಾರು? ಕ್ರಿ.ಶ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ವೃತ್ತದ ಮೇಲೆ ವೃತ್ತವನ್ನು ಪೋಣಿಸಿ ಗ್ರಹಗಳ ಓರೆಕೋರೆ ನಡೆಯನ್ನೆಲ್ಲ ಲೆಕ್ಕಕ್ಕೆ ತಂದ. ಭಾರತದ ಸಿದ್ಧಾಂತಿಗಳೂ ಇದೇ ಬಗೆಯಲ್ಲಿ ಮಂದವೃತ್ತ, ಶೀಘ್ರವೃತ್ತಗಳನ್ನು ಹೂಡಿದರು. ಪಂಚಾಂಗ ಗಣಿತದ ಮಂದಫಲ, ಶೀಘ್ರಫಲಗಳು ಬಂದದ್ದು ಅಲ್ಲಿಂದಲೇ. ಯಾವ ಹೊತ್ತಿಗೆ ಗ್ರಹ ಎಲ್ಲಿರುತ್ತದೆ ಎಂಬುದಷ್ಟೇ ಈ ಲೆಕ್ಕಗಳಿಗೆ ಬೇಕಿದ್ದದ್ದು. ಅದನ್ನು ಅಲ್ಲಿ ಹಿಡಿದಿಟ್ಟಿರುವುದು ಏನು ಎಂಬುದು ಅವುಗಳ ವ್ಯಾಪ್ತಿಯ ಹೊರಗಿತ್ತು.

ಬಲದ ಪ್ರಶ್ನೆ ಎದ್ದದ್ದು ಆಕಾಶದಿಂದಲ್ಲ, ಕಾಲ ಕೆಳಗಿನ ಭೂಮಿಯಿಂದ. 499ರ ‘ಆರ್ಯಭಟೀಯ’ದಲ್ಲಿ ಆರ್ಯಭಟ, 43,20,000 ವರ್ಷಗಳ ಒಂದು ಮಹಾಯುಗದಲ್ಲಿ ಭೂಮಿ 1,58,22,37,500 ಸುತ್ತು ಹಾಕುತ್ತದೆ ಎಂದ. ಆರನೆಯ ಶತಮಾನದ ವರಾಹಮಿಹಿರನಿಗೆ ಇದು ಒಪ್ಪಿಗೆಯಾಗಲಿಲ್ಲ: ಭೂಮಿ ತಿರುಗುವುದು ನಿಜವಾದರೆ ಆಕಾಶಕ್ಕೆ ಹಾರಿದ ಹಕ್ಕಿ ತನ್ನ ಗೂಡಿಗೆ ಮರಳುವುದು ಹೇಗೆ? ಟಾಲೆಮಿಯೂ ಮೋಡಗಳನ್ನು, ಎಸೆದ ವಸ್ತುಗಳನ್ನು ತೋರಿಸಿ ಇದೇ ಆಕ್ಷೇಪ ಎತ್ತಿದ್ದ. ಇದರ ಜೊತೆಗೆ ಇನ್ನೂ ಹರಿತವಾದ ಒಂದು ಅಂಜಿಕೆಯಿತ್ತು. ಕುಂಬಾರನ ತಿಗುರಿಯಿಂದ ಕೆಸರು ಸಿಡಿಯುವ ಹಾಗೆ, ಇಷ್ಟು ದೊಡ್ಡ ಭೂಮಿ ದಿನಕ್ಕೊಂದು ಸುತ್ತು ಹಾಕಿದರೆ ಮೇಲಿರುವುದೆಲ್ಲ ಚೆಲ್ಲಾಪಿಲ್ಲಿಯಾಗದೇ? 1543ರ ತನ್ನ ಗ್ರಂಥದಲ್ಲಿ ಕೊಪರ್ನಿಕಸ್ ಇದಕ್ಕೆ ಕೊಟ್ಟ ಉತ್ತರ ವಾದಕ್ಕೆ ಸರಿ, ಲೆಕ್ಕಕ್ಕಲ್ಲ: ಭೂಮಿ ಒಡೆದೀತೆಂದು ಹೆದರುವವರು ಅದಕ್ಕಿಂತ ಎಷ್ಟೋ ದೊಡ್ಡದಾದ, ಎಷ್ಟೋ ಬಿರುಸಾಗಿ ಸುತ್ತಬೇಕಾದ ಆಕಾಶಗೋಳದ ಬಗ್ಗೆ ಯಾಕೆ ಹೆದರುವುದಿಲ್ಲ?

ಲೆಕ್ಕಕ್ಕೆ ಮೊದಲು ಕೈಹಾಕಿದವನು ಗೆಲಿಲಿಯೊ. 1632ರ ‘ಸಂವಾದ’ದ ಎರಡನೆಯ ದಿನದ ಚರ್ಚೆಯಲ್ಲಿ ಅವನು ಹೇಳಿದ್ದು ಹೀಗೆ. ಭೂಮಿಯಿಂದ ಸಿಡಿಯುವ ಕಲ್ಲು ಸ್ಪರ್ಶಕದ ಗುಂಟ ನೇರವಾಗಿ ಹೋಗಬೇಕು. ಆದರೆ ಬಿಟ್ಟ ಜಾಗದ ಹತ್ತಿರ ಸ್ಪರ್ಶಕಕ್ಕೂ ವೃತ್ತಕ್ಕೂ ಇರುವ ಅಂತರ ಎಷ್ಟು ಸಣ್ಣದೆಂದರೆ, ಕಲ್ಲಿಗೆ ಚೂರು ಭಾರವಿದ್ದರೂ ಸಾಕು, ಆ ಅಂತರವನ್ನು ಬಿದ್ದು ತುಂಬಿಬಿಡುತ್ತದೆ. ಆದ್ದರಿಂದ ಭೂಮಿ ಎಷ್ಟೇ ವೇಗವಾಗಿ ತಿರುಗಿದರೂ ಏನೂ ಸಿಡಿಯುವುದಿಲ್ಲ. ಚಿತ್ರ ಸರಿಯಿತ್ತು, ತೀರ್ಮಾನ ತಪ್ಪಿತು. ಬೀಳುವ ವಸ್ತು ಕ್ರಮಿಸುವ ದೂರ ಕಾಲದ ವರ್ಗದಂತೆ ಬೆಳೆಯುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟವನೇ ಗೆಲಿಲಿಯೊ. ಸ್ಪರ್ಶಕದಿಂದ ವೃತ್ತ ಬಾಗುವ ಅಂತರವೂ ಕಾಲದ ವರ್ಗದಂತೆಯೇ ಬೆಳೆಯುತ್ತದೆ ಎಂಬುದು ಅವನ ಕಣ್ಣಿಗೆ ಬೀಳಲಿಲ್ಲ. ಬಿದ್ದಿದ್ದರೆ ಎರಡನ್ನೂ ತಕ್ಕಡಿಗೆ ಹಾಕಿ ತೂಗಬಹುದಿತ್ತು. ಸೂತ್ರ ಇಪ್ಪತ್ತೇಳು ವರ್ಷ ಮೊದಲೇ ಹುಟ್ಟುತ್ತಿತ್ತು.

ನಡುವೆ ದೇಕಾರ್ತ್ ಬರುತ್ತಾನೆ. 1644ರ ‘ತತ್ತ್ವಶಾಸ್ತ್ರದ ಮೂಲಸೂತ್ರಗಳು’ ಗ್ರಂಥದಲ್ಲಿ ಅವನು ವೃತ್ತವನ್ನು ಅದರ ಪೀಠದಿಂದ ಇಳಿಸಿದ: ತನ್ನಷ್ಟಕ್ಕೆ ಬಿಟ್ಟ ವಸ್ತು ನೇರಗೆರೆಯಲ್ಲೇ ಚಲಿಸುತ್ತದೆ, ಸುತ್ತುವ ವಸ್ತುವನ್ನು ಯಾವುದೋ ತಡೆದಿರುತ್ತದೆ. ಇದಕ್ಕೆ ಅವನು ಆರಿಸಿಕೊಂಡ ಉದಾಹರಣೆ ಕವಣೆ. ಜೋಳದ ಹೊಲದ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದವರಿಗೆ ಎರಡು ಸಂಗತಿ ಗೊತ್ತಿರುತ್ತದೆ. ಹುರಿ ಕೈಯನ್ನು ಹೊರಕ್ಕೆ ಎಳೆಯುತ್ತದೆ. ಒಂದು ಎಳೆಯನ್ನು ಬಿಟ್ಟೊಡನೆ ಕಲ್ಲು ಆ ಕ್ಷಣದಲ್ಲಿ ಸಾಗುತ್ತಿದ್ದ ದಿಕ್ಕಿಗೇ ಹಾರುತ್ತದೆ, ಕೈಯಿಂದ ನೇರ ಹೊರಕ್ಕಲ್ಲ. ಎರಡನೆಯದನ್ನು ದೇಕಾರ್ತ್ ಸ್ಪಷ್ಟವಾಗಿಯೇ ಬರೆದ. ಆದರೂ ಅವನ ಮನಸ್ಸನ್ನು ಹಿಡಿದದ್ದು ಮೊದಲನೆಯದು, ಕೇಂದ್ರದಿಂದ ದೂರ ಸರಿಯುವ ಆ ‘ಯತ್ನ’. ಅದನ್ನು ಅಳೆಯುವ ಗೋಜಿಗೆ ಅವನು ಹೋಗಲಿಲ್ಲ.

ಅಳೆದವನು ಕ್ರಿಸ್ಟಿಯಾನ್ ಹೈಗನ್ಸ್. ಹೇಗ್ ನಗರದಲ್ಲಿ 1629ರಲ್ಲಿ ಹುಟ್ಟಿದ ಅವನ ಮನೆಗೆ ದೇಕಾರ್ತ್ ಪರಿಚಿತ, ಅಪ್ಪನ ಸ್ನೇಹಿತ. 1656ರ ಕೊನೆಗೆ ಲೋಲಕದ ಗಡಿಯಾರವನ್ನು ರೂಪಿಸಿದ ಹೈಗನ್ಸ್, 1659ರ ಶರತ್ಕಾಲದಲ್ಲಿ ವಸ್ತುವೊಂದು ಮೊದಲ ಸೆಕೆಂಡಿನಲ್ಲಿ ಎಷ್ಟು ದೂರ ಬೀಳುತ್ತದೆ ಎಂಬ ಅಳತೆಯ ಬೆನ್ನು ಹತ್ತಿದ್ದ. ಬೀಳುವುದನ್ನು ನೇರವಾಗಿ ಅಳೆಯಲು ಆಗಿನ ಗಡಿಯಾರಗಳು ಸಾಲವು. ಸುತ್ತುವ ಲೋಲಕದಿಂದ ಅದನ್ನು ತಿಳಿಯಬಹುದೇ ಎಂದು ಹುಡುಕುತ್ತ ಹೋದವನಿಗೆ ವೃತ್ತದ ಸೂತ್ರ ದಾರಿಯಲ್ಲಿ ಸಿಕ್ಕಿತು.

ಅವನ ವಾದ ಇಂದಿನ ಪಾಠಕ್ಕಿಂತ ಹೆಚ್ಚು ಚಿತ್ರವತ್ತಾಗಿದೆ. ದೊಡ್ಡದೊಂದು ಚಕ್ರ ತಿರುಗುತ್ತಿದೆ. ಅದರ ಅಂಚಿಗೆ ಅಂಟಿಕೊಂಡಂತೆ ಒಬ್ಬ ಮನುಷ್ಯ ನಿಂತಿದ್ದಾನೆ. ಅವನ ಕೈಯಲ್ಲಿ ದಾರ, ದಾರದ ತುದಿಗೆ ಸೀಸದ ಗುಂಡು. ದಾರ ಹರಿದರೆ ಗುಂಡು ಸ್ಪರ್ಶಕದ ಮೇಲೆ ನೇರ ಹೋಗುತ್ತದೆ. ಚಕ್ರದ ಮೇಲಿರುವವನಿಗೆ ಮಾತ್ರ ಅದು ತನ್ನಿಂದ ಹೊರಕ್ಕೆ ಸರಿಯುತ್ತಿರುವಂತೆ ಕಾಣುತ್ತದೆ. ಸಮ ಸಮ ಕಾಲಗಳು ಕಳೆದಂತೆ ಆ ದೂರ 1, 4, 9, 16ರ ಹಾಗೆ ಬೆಳೆಯುತ್ತದೆ. ಬೀಳುವ ಕಲ್ಲಿನ ದೂರ ಬೆಳೆಯುವುದೂ ಹೀಗೇ. ಹಾಗಿದ್ದ ಮೇಲೆ ಸೂರಿನಿಂದ ತೂಗಿಬಿಟ್ಟ ಗುಂಡು ದಾರವನ್ನು ಜಗ್ಗುವುದೂ, ಚಕ್ರದ ಅಂಚಿನ ಗುಂಡು ದಾರವನ್ನು ಜಗ್ಗುವುದೂ ಒಂದೇ ಬಗೆಯ ಜಗ್ಗಾಟ. ಒಂದರ ಅಳತೆಯಲ್ಲಿ ಇನ್ನೊಂದನ್ನು ಹೇಳಬಹುದು. ಗೆಲಿಲಿಯೊ ಕಾಣದೆ ಹೋದ ತಕ್ಕಡಿ ಇದು. ಸಣ್ಣ ಕಾಲದಲ್ಲಿ ಗುಂಡು ಸ್ಪರ್ಶಕದ ಮೇಲೆ ಸಾಗಿದ ದೂರದ ವರ್ಗವನ್ನು ವ್ಯಾಸದಿಂದ ಭಾಗಿಸಿದರೆ ವೃತ್ತದಿಂದ ಅದಕ್ಕಿರುವ ಅಂತರ ಬರುತ್ತದೆ. ಇದು ಯೂಕ್ಲಿಡ್‌ನ ಜ್ಯಾಮಿತಿ. ಅಷ್ಟೇ ಕಾಲದಲ್ಲಿ ಕಲ್ಲು ಬೀಳುವ ದೂರವನ್ನು ಇದರ ಪಕ್ಕಕ್ಕಿಟ್ಟರೆ ಜವದ ವರ್ಗ ಭಾಗ ತ್ರಿಜ್ಯ ತಾನಾಗಿಯೇ ಹೊರಬೀಳುತ್ತದೆ. ಈ ಬಲಕ್ಕೆ ಲ್ಯಾಟಿನ್ನಿನಲ್ಲಿ ಅವನಿಟ್ಟ ಹೆಸರು ‘ವಿಸ್ ಸೆಂಟ್ರಿಫ್ಯೂಗಾ’, ಕೇಂದ್ರದಿಂದ ಓಡಿಹೋಗುವ ಬಲ.

ಇದಾದ ಮೇಲೆ ಹೈಗನ್ಸ್ ಒಂದೊಂದಾಗಿ ಬಿಡಿಸಿದ ಸಮಸ್ಯೆಗಳನ್ನು ನೋಡಿದರೆ ಪಿಯುಸಿಯ ಪ್ರಶ್ನೆಪತ್ರಿಕೆ ನೆನಪಾದರೆ ಆಶ್ಚರ್ಯವಿಲ್ಲ. ಶಂಕು ಲೋಲಕದ ಗುಂಡು ಒಂದು ಸುತ್ತು ಹಾಕಲು ಹಿಡಿಯುವ ಕಾಲ, ದಾರದ ಉದ್ದವನ್ನು ನೇರವಾಗಿ ಅವಲಂಬಿಸಿಲ್ಲ. ಗುಂಡು ಸುತ್ತುವ ಮಟ್ಟದಿಂದ ತೂಗುಬಿಂದು ಎಷ್ಟು ಎತ್ತರದಲ್ಲಿದೆ ಎಂಬುದೊಂದೇ ಮುಖ್ಯ. ವ್ಯಾಸದ ಕಾಲು ಭಾಗದಷ್ಟು ಎತ್ತರದಿಂದ ಬಿದ್ದರೆ ಬರುವ ವೇಗದಲ್ಲಿ ವಸ್ತು ವೃತ್ತದಲ್ಲಿ ಸುತ್ತಿದರೆ, ಅದರ ಎಳೆತ ಅದರ ತೂಕಕ್ಕೆ ಸಮ. ಲೋಲಕವನ್ನು ಅಡ್ಡಗೆರೆಯ ಮಟ್ಟಕ್ಕೆ ಎತ್ತಿ ಬಿಟ್ಟರೆ ತಳಕ್ಕೆ ಬಂದಾಗ ದಾರದ ಮೇಲಿನ ಎಳೆತ ತೂಕದ ಮೂರು ಪಟ್ಟು.

ಎಲ್ಲಕ್ಕಿಂತ ಸೊಗಸಾದದ್ದು ನೆಟ್ಟಗೆ ನಿಂತ ವೃತ್ತದ ಲೆಕ್ಕ. ದಾರದ ಗುಂಡು ಮೇಲೆ ಕೆಳಗೆ ಪೂರ್ತಿ ಸುತ್ತು ಹಾಕಬೇಕಾದರೆ ಆ ದಾರ ತೂಕದ ಆರು ಪಟ್ಟು ಎಳೆತವನ್ನು ತಾಳುವಂತಿರಬೇಕು. ತುದಿಯಲ್ಲಿ ದಾರ ಸಡಿಲವಾಗಿ, ತೂಕವೊಂದೇ ಗುಂಡನ್ನು ಬಾಗಿಸಬೇಕಾದರೆ ಅಲ್ಲಿ ಇರಬೇಕಾದ ವೇಗ, ಅರ್ಧ ತ್ರಿಜ್ಯದಷ್ಟು ಎತ್ತರದಿಂದ ಬಿದ್ದರೆ ಬರುವ ವೇಗ. ಅಲ್ಲಿಂದ ತಳಕ್ಕೆ ಇನ್ನೂ ಎರಡು ತ್ರಿಜ್ಯದಷ್ಟು ಇಳಿತ. ಒಟ್ಟು ಎರಡೂವರೆ, ಅಂದರೆ ಮೊದಲಿನ ಅರ್ಧದ ಐದು ಪಟ್ಟು. ಬೀಳುವ ಎತ್ತರ ಐದು ಪಟ್ಟಾದರೆ ವೇಗದ ವರ್ಗವೂ ಐದು ಪಟ್ಟು, ಎಳೆತವೂ ಐದು ಪಟ್ಟು. ತಳದಲ್ಲಿ ಗುಂಡಿನ ಸ್ವಂತ ತೂಕವೂ ದಾರದ ಮೇಲೆಯೇ ಬೀಳುವುದರಿಂದ ಒಟ್ಟು ಆರು. ಕಲನಶಾಸ್ತ್ರ ಇನ್ನೂ ಹುಟ್ಟಿರಲಿಲ್ಲ, ಶಕ್ತಿ ಎಂಬ ಪದಕ್ಕೆ ಇಂದಿನ ಅರ್ಥ ಬಂದಿರಲಿಲ್ಲ. ಬರೀ ಬೀಳುವ ಎತ್ತರಗಳನ್ನು ಹೋಲಿಸಿ ಪಡೆದ ಉತ್ತರವಿದು. ಇಂದಿನ ಪಠ್ಯಗಳ ಮೂರು ನಾಲ್ಕು ಸಮೀಕರಣಗಳ ದಾರಿಗಿಂತ ಇದು ಚಿಕ್ಕದು. ಯಾಕೋ ಯಾರೂ ಕಲಿಸುವುದಿಲ್ಲ.

ಹೈಗನ್ಸ್ ಇದನ್ನೆಲ್ಲ ಹದಿನಾಲ್ಕು ವರ್ಷ ಕಪಾಟಿನಲ್ಲಿಟ್ಟ. 1673ರ ‘ಲೋಲಕದ ಗಡಿಯಾರ’ ಗ್ರಂಥದ ಕೊನೆಗೆ ಹದಿಮೂರು ಪ್ರಮೇಯಗಳನ್ನು ಸಾಧನೆಯಿಲ್ಲದೆ, ಬರೀ ಹೇಳಿಕೆಗಳಾಗಿ ಸೇರಿಸಿದ. ಅವನು 1695ರಲ್ಲಿ ತೀರಿಕೊಂಡ; ಸಾಧನೆಗಳು ಅಚ್ಚಾದದ್ದು 1703ರಲ್ಲಿ. ಕೆಪ್ಲರ್ 1609ರಲ್ಲೇ ಗ್ರಹಗಳನ್ನು ವೃತ್ತದಿಂದ ಬಿಡಿಸಿ ದೀರ್ಘವೃತ್ತಕ್ಕೆ ಸಾಗಿಸಿದ್ದ. ಆಕಾಶ ವೃತ್ತವನ್ನು ತೊರೆದ ಐವತ್ತು ವರ್ಷಕ್ಕೆ ವೃತ್ತದ ಲೆಕ್ಕ ಸಿದ್ಧವಾಯಿತು.

ಅಷ್ಟರಲ್ಲಿ ಕೇಂಬ್ರಿಜ್‌ನಲ್ಲಿ, ಹೈಗನ್ಸ್‌ನ ಹಸ್ತಪ್ರತಿಯ ಸುಳಿವೇ ಇಲ್ಲದ ಇಪ್ಪತ್ತೆರಡರ ಹುಡುಗನೊಬ್ಬ ಇದೇ ಸೂತ್ರಕ್ಕೆ ಬೇರೆ ಬಾಗಿಲಿನಿಂದ ಬಂದಿದ್ದ. ಹಾಳೆ ದಂಡ ಮಾಡಬಾರದೆಂದು ಹಳೆಯದೊಂದು ಪುಸ್ತಕದ ಖಾಲಿ ಪುಟಗಳಲ್ಲಿ ಐಸಾಕ್ ನ್ಯೂಟನ್ ಲೆಕ್ಕ ಬರೆಯುತ್ತಿದ್ದ. ಅದಕ್ಕೆ ‘ವೇಸ್ಟ್ ಬುಕ್’ ಎಂದೇ ಹೆಸರು. ಅವನು ವೃತ್ತದೊಳಗೆ ಚೌಕ ಬರೆದು, ಚೌಕದ ಬಾಹುಗಳ ಗುಂಟ ಓಡುವ ಚೆಂಡು ನಾಲ್ಕು ಮೂಲೆಗಳಲ್ಲಿ ವೃತ್ತದ ಗೋಡೆಗೆ ಬಡಿದು ಪುಟಿಯುವಂತೆ ಊಹಿಸಿದ. ನಾಲ್ಕು ಪೆಟ್ಟುಗಳ ಮೊತ್ತಕ್ಕೂ ಚೆಂಡಿನ ಚಲನೆಯ ಪ್ರಮಾಣಕ್ಕೂ ಇರುವ ಅನುಪಾತ, ಚೌಕದ ಸುತ್ತಳತೆಗೂ ತ್ರಿಜ್ಯಕ್ಕೂ ಇರುವಷ್ಟೇ. ಬಾಹುಗಳನ್ನು ಎಂಟು, ಹದಿನಾರು ಎಂದು ಹೆಚ್ಚಿಸುತ್ತ ಹೋದರೆ ಬಹುಭುಜ ವೃತ್ತವೇ ಆಗುತ್ತದೆ; ಪೆಟ್ಟುಗಳು ಒಂದಕ್ಕೊಂದು ಕೂಡಿಕೊಂಡು ಎಡೆಬಿಡದ ಒತ್ತಡವಾಗುತ್ತವೆ. ಒಂದು ಸುತ್ತಿನ ಒಟ್ಟು ಪೆಟ್ಟು ಚಲನೆಯ ಪ್ರಮಾಣದ ಆರು ಪಟ್ಟಿಗಿಂತ ತುಸು ಹೆಚ್ಚು, ಅಂದರೆ ಪರಿಧಿಯನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಅದನ್ನು ಸುತ್ತಿನ ಕಾಲದಿಂದ ಭಾಗಿಸಿದರೆ ಮತ್ತೆ ಅದೇ ಸೂತ್ರ. ಗಮನಿಸಬೇಕಾದ ಸಂಗತಿಯೆಂದರೆ, ಈ ಚಿತ್ರದಲ್ಲಿ ಗೋಡೆ ಚೆಂಡನ್ನು ಒಳಕ್ಕೆ ತಳ್ಳುತ್ತದೆ. ಆದರೂ ನ್ಯೂಟನ್ ಆಗ ಬರೆದದ್ದು ಚೆಂಡು ಕೇಂದ್ರದಿಂದ ದೂರ ಸರಿಯಲು ಮಾಡುವ ಯತ್ನದ ಬಗ್ಗೆ. ದೇಕಾರ್ತ್‌ನ ನುಡಿಗಟ್ಟು ಅವನ ಕಣ್ಣಿಗೆ ಕಟ್ಟಿತ್ತು.

ಈ ಸೂತ್ರವನ್ನು ಅವನು ಮೊದಲು ಹಚ್ಚಿದ್ದು ಗೆಲಿಲಿಯೊ ಬಿಟ್ಟುಹೋದ ಗಂಟಿಗೆ. ಭೂಮಿಯ ತಿರುಗುವಿಕೆಯಿಂದ ಹೊರಕ್ಕೆ ಸಿಡಿಯುವ ಯತ್ನಕ್ಕಿಂತ ಗುರುತ್ವ ಸುಮಾರು 350 ಪಟ್ಟು ಹೆಚ್ಚು ಎಂಬ ಉತ್ತರ ಬಂತು. ಎಲ್ಲ ಚೆಲ್ಲಾಪಿಲ್ಲಿಯಾದೀತೆಂಬ ಹಳೆಯ ಅಂಜಿಕೆಗೆ ಹೀಗೆ ಒಂದು ಸಂಖ್ಯೆ ಸಿಕ್ಕಿತು. ಚಂದ್ರನಿಗೂ ಇದೇ ಲೆಕ್ಕ ಹಾಕಿದಾಗ, ಭೂಮಿಯಿಂದ ದೂರ ಸರಿಯುವ ಅದರ ಯತ್ನ ನೆಲದ ಮೇಲಿನ ಗುರುತ್ವಕ್ಕಿಂತ 4000ಕ್ಕೂ ಹೆಚ್ಚು ಪಟ್ಟು ಕಡಿಮೆ ಎಂದು ಬಂತು. ಚಂದ್ರನ ದೂರ ಭೂಮಿಯ ತ್ರಿಜ್ಯದ 60 ಪಟ್ಟು. ದೂರದ ವರ್ಗಕ್ಕೆ ತಕ್ಕಂತೆ ಬಲ ಇಳಿಯುವುದಾದರೆ 3600 ಬರಬೇಕಿತ್ತು. ದೋಷ ಸೂತ್ರದಲ್ಲಿರಲಿಲ್ಲ. ಅವನು ಬಳಸಿದ ಭೂಮಿಯ ಅಳತೆ ಚಿಕ್ಕದಾಗಿತ್ತು: ಒಂದು ಅಂಶಕ್ಕೆ 60 ಮೈಲಿ ಎಂಬ ರೂಢಿಯ ಲೆಕ್ಕ, ನಿಜವಾಗಿ ಅದು 69ರ ಮೇಲಿದೆ.

ದಿಕ್ಕು ಬದಲಾಗಲು ಇನ್ನೊಬ್ಬನ ಮಾತು ಬೇಕಾಯಿತು. ರಾಬರ್ಟ್ ಹುಕ್ 1666ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಲೋಲಕವೊಂದನ್ನು ಸುತ್ತಿಸಿ ತೋರಿಸುತ್ತ, ನೇರ ಚಲನೆಯನ್ನು ನಡುವಿನ ಆಕರ್ಷಣೆ ಬಾಗಿಸಿದರೆ ಗ್ರಹದ ಹಾದಿ ಸಿಗುತ್ತದೆ ಎಂದು ಹೇಳಿದ್ದ. 1679ರ ನವೆಂಬರಿನಲ್ಲಿ ನ್ಯೂಟನ್ನಿಗೆ ಬರೆದ ಪತ್ರದಲ್ಲಿ ಅದೇ ಮಾತನ್ನು ಮುಂದಿಟ್ಟ: ಗ್ರಹದ ಚಲನೆಯನ್ನು ಸ್ಪರ್ಶಕದ ನೇರ ಚಲನೆ ಮತ್ತು ನಡುವಿನ ಕಾಯದ ಕಡೆಗಿನ ಎಳೆತ ಎಂಬ ಎರಡನ್ನು ಕೂಡಿಸಿ ನೋಡಬೇಕು. ಇಲ್ಲಿ ಹೊರಕ್ಕೆ ಓಡುವ ಯತ್ನಕ್ಕೆ ಜಾಗವೇ ಇಲ್ಲ. ಹೊರಗೆಳೆತವನ್ನು ಸರಿದೂಗಿಸುವ ಒಳಗೆಳೆತ ಎಂದು ಇಬ್ಬರನ್ನು ಹಗ್ಗಜಗ್ಗಾಟಕ್ಕೆ ನಿಲ್ಲಿಸುವ ಬದಲು ಒಬ್ಬನೇ ಸಾಕು. ಒಳಗೆಳೆತಕ್ಕೆ ಎದುರಾಳಿ ಇಲ್ಲವೆಂದೇ ಹಾದಿ ಬಾಗುತ್ತದೆ. ಹುಕ್‌ಗೆ ಇದನ್ನು ಗಣಿತಕ್ಕೆ ಇಳಿಸುವುದು ಸಾಧ್ಯವಾಗಲಿಲ್ಲ. ನ್ಯೂಟನ್ ಇಳಿಸಿದ, ಆಮೇಲೆ ಹುಕ್‌ಗೆ ಸಲ್ಲಬೇಕಾದ ಮನ್ನಣೆ ಕೊಡಲು ಅವನು ಮಾಡಿದ ಜಿಗುಟುತನ ಬೇರೆಯದೇ ಕಥೆ.

1684ರ ಜನವರಿಯಲ್ಲಿ ಹುಕ್, ಹ್ಯಾಲಿ ಮತ್ತು ಕ್ರಿಸ್ಟೊಫರ್ ರೆನ್ ಈ ವಿಷಯ ಮಾತಾಡಿದರು. ಕೆಪ್ಲರನ ಮೂರನೆಯ ನಿಯಮವನ್ನು ವೃತ್ತದ ಸೂತ್ರದಲ್ಲಿ ಹಾಕಿದರೆ ಬಲ ದೂರದ ವರ್ಗದಂತೆ ಇಳಿಯುತ್ತದೆ ಎಂಬುದು ಎರಡೇ ಸಾಲಿನ ಕೆಲಸ. ಅಷ್ಟು ಹ್ಯಾಲಿಗೂ ಗೊತ್ತಿತ್ತು. ದೀರ್ಘವೃತ್ತಕ್ಕೆ ಅದು ಒಗ್ಗುವುದನ್ನು ತೋರಿಸುವುದು ಕಷ್ಟವಿತ್ತು. ಎರಡು ತಿಂಗಳಲ್ಲಿ ಸಾಧಿಸಿ ತೋರಿಸಿದವರಿಗೆ 40 ಷಿಲಿಂಗ್ ಬೆಲೆಯ ಪುಸ್ತಕ ಬಹುಮಾನ ಎಂದು ರೆನ್ ಹೇಳಿದ, ಯಾರಿಗೂ ಸಿಗಲಿಲ್ಲ. ಆಗಸ್ಟಿನಲ್ಲಿ ಹ್ಯಾಲಿ ಕೇಂಬ್ರಿಜ್‌ಗೆ ಹೋಗಿ ನ್ಯೂಟನ್ನನ್ನು ಕೇಳಿದ. ನವೆಂಬರಿನಲ್ಲಿ ಒಂಬತ್ತು ಪುಟಗಳ ಲೇಖನ ಬಂತು. ‘ವಿಸ್ ಸೆಂಟ್ರಿಪೆಟಾ’, ಕೇಂದ್ರವನ್ನು ಅರಸುವ ಬಲ ಎಂಬ ಪದ ಮೊದಲು ಕಾಣಿಸಿದ್ದು ಅದರಲ್ಲಿ. ಹೈಗನ್ಸ್‌ನ ಪದವನ್ನು ತಿರುಗಿಸಿ ಕಟ್ಟಿದ ಪದ ಅದು. ಸೂತ್ರದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಬಾಣದ ಗುರುತಷ್ಟೇ ಒಳಮುಖವಾಯಿತು.

1687ರ ‘ಪ್ರಿನ್ಸಿಪಿಯಾ’ದ ಹೊತ್ತಿಗೆ ಭೂಮಿಯ ಸರಿಯಾದ ಅಳತೆಯೂ ಕೈಗೆ ಬಂದಿತ್ತು. ಫ್ರಾನ್ಸಿನಲ್ಲಿ ಪಿಕಾರ್ ಮಾಡಿದ ಮೋಜಣಿಯ ಅಂಕಿಗಳನ್ನು ಹಾಕಿ ನ್ಯೂಟನ್ ಚಂದ್ರನ ಲೆಕ್ಕವನ್ನು ಮತ್ತೆ ಮಾಡಿದ. 27 ದಿನ 7 ಗಂಟೆ 43 ನಿಮಿಷಕ್ಕೆ ಒಂದು ಸುತ್ತು ಹಾಕುವ ಚಂದ್ರ, ಒಂದು ನಿಮಿಷದಲ್ಲಿ ನೇರ ಹಾದಿಯಿಂದ ಭೂಮಿಯ ಕಡೆಗೆ ಸುಮಾರು 15 ಪ್ಯಾರಿಸ್ ಅಡಿ 1 ಅಂಗುಲ ಬೀಳುತ್ತದೆ. ನೆಲದ ಮೇಲೆ ಕಲ್ಲು ಒಂದು ಸೆಕೆಂಡಿನಲ್ಲಿ ಬೀಳುವ ದೂರವೂ 15 ಪ್ಯಾರಿಸ್ ಅಡಿ 1 ಅಂಗುಲವೇ. ಅದನ್ನು ಲೋಲಕದಿಂದ ಅಳೆದುಕೊಟ್ಟಿದ್ದವನು ಹೈಗನ್ಸ್. ನಿಮಿಷಕ್ಕೆ 60 ಸೆಕೆಂಡು, ದೂರ 60 ತ್ರಿಜ್ಯ. ಎರಡು ಅರುವತ್ತುಗಳ ವರ್ಗಗಳು ಒಂದನ್ನೊಂದು ಹೊಡೆದುಹಾಕಿದವು.

ಭೂಮಿಯ ಮೇಲಿನ ಹಳೆಯ ಅಂಜಿಕೆ ಇಷ್ಟರಲ್ಲಿ ಬೇರೆ ರೂಪ ತಾಳಿತ್ತು. 1672ರಲ್ಲಿ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ ಜಾನ್ ರಿಶೆ, ಪ್ಯಾರಿಸ್ಸಿನಲ್ಲಿ ಸರಿಯಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುವುದನ್ನು ಕಂಡ. ಲೋಲಕವನ್ನು ಮೂರು ಮಿಲಿಮೀಟರಿಗೂ ಕಡಿಮೆ ಮೋಟು ಮಾಡಿ ಸರಿಪಡಿಸಬೇಕಾಯಿತು. ಸಮಭಾಜಕದ ಬಳಿ ಗುರುತ್ವದ ಒಂದು ಪಾಲು ವಸ್ತುಗಳನ್ನು ಭೂಮಿಯೊಂದಿಗೆ ಸುತ್ತಿಸುವುದರಲ್ಲೇ ಖರ್ಚಾಗುತ್ತದೆ; ಉಳಿದದ್ದಷ್ಟೇ ತೂಕವಾಗಿ ಕಾಣುತ್ತದೆ. ಆ ಪಾಲು 289ರಲ್ಲಿ ಒಂದು. 289 ಎಂದರೆ 17ರ ವರ್ಗ. ಅಂದರೆ ಭೂಮಿ ಈಗಿನ ಹದಿನೇಳು ಪಟ್ಟು ವೇಗದಲ್ಲಿ, ಸುಮಾರು 85 ನಿಮಿಷಕ್ಕೊಂದು ಸುತ್ತು ಹಾಕಿದರೆ ಸಮಭಾಜಕದಲ್ಲಿ ಯಾವುದಕ್ಕೂ ತೂಕವಿರುವುದಿಲ್ಲ. ಎಷ್ಟೇ ವೇಗವಾದರೂ ಏನೂ ಆಗದು ಎಂದ ಗೆಲಿಲಿಯೊ ಎಲ್ಲಿ ತಪ್ಪಿದ ಎಂಬುದು ಈ ಹದಿನೇಳರಲ್ಲಿದೆ.

ಹದಿನೆಂಟನೆಯ ಶತಮಾನದ ಕೆಲಸ ಹೆಚ್ಚಾಗಿ ಒಪ್ಪ ಓರಣದ್ದು. ಆಯ್ಲರ್ 1736ರ ‘ಮೆಕ್ಯಾನಿಕಾ’ದಲ್ಲಿ ನ್ಯೂಟನ್ನನ ಜ್ಯಾಮಿತಿಯನ್ನು ಸಮೀಕರಣಗಳಿಗೆ ಇಳಿಸಿದ, ಬಲವನ್ನು ಹಾದಿಯ ಗುಂಟ ಒಂದು, ಹಾದಿಗೆ ಲಂಬವಾಗಿ ಒಂದು ಎಂದು ಒಡೆಯುವ ಪದ್ಧತಿ ಅಲ್ಲಿ ನೆಲೆಯೂರಿತು. ಮೊದಲನೆಯದು ಜವವನ್ನು ಬದಲಿಸುತ್ತದೆ, ಎರಡನೆಯದು ದಿಕ್ಕನ್ನು. ಫ್ರಾನ್ಸಿನ ಕೊರಿಯೋಲಿಸ್ 1835ರಲ್ಲಿ, ತಿರುಗುವ ಯಂತ್ರದ ಜೊತೆಗೇ ತಿರುಗುತ್ತ ಲೆಕ್ಕ ಮಾಡುವವರು ಹೊರಗೆಳೆತದ ಜೊತೆಗೆ ಇನ್ನೊಂದು ಬಲವನ್ನೂ ಸೇರಿಸಿಕೊಳ್ಳಬೇಕೆಂದು ತೋರಿಸಿದ. ಹೀಗೆ ಹೈಗನ್ಸ್‌ನ ಹೊರಮುಖದ ಬಾಣ ಹಿಂಬಾಗಿಲಿನಿಂದ ಮರಳಿ ಬಂತು: ಚಕ್ರದ ಮೇಲೆ ನಿಂತವನ ಲೆಕ್ಕಕ್ಕೆ ಅದು ಬೇಕು, ನೆಲದ ಮೇಲೆ ನಿಂತು ನೋಡುವವನಿಗೆ ಬೇಡ. ಎರಡನ್ನೂ ಒಂದೇ ಚಿತ್ರದಲ್ಲಿ ಸೇರಿಸಿದರೆ ಮಾತ್ರ ಲೆಕ್ಕ ಕೆಡುತ್ತದೆ.

ಕಾರ್ಖಾನೆಗೆ ಈ ಸೂತ್ರ ಕಾಲಿಟ್ಟದ್ದು ಶಂಕು ಲೋಲಕದ ವೇಷದಲ್ಲಿ. 1788ರಲ್ಲಿ ಬೋಲ್ಟನ್ ಮತ್ತು ವ್ಯಾಟ್ ತಮ್ಮ ಉಗಿಯಂತ್ರಕ್ಕೆ ಎರಡು ಲೋಹದ ಗುಂಡುಗಳ ಗವರ್ನರ್ ಅಳವಡಿಸಿದರು. ಯಂತ್ರದ ವೇಗ ಹೆಚ್ಚಿದರೆ ಗುಂಡುಗಳು ಅಗಲಕ್ಕೆ ಹರಡಿ ಮೇಲೇಳುತ್ತವೆ, ಸನ್ನೆಯೊಂದು ಉಗಿಯ ಬಾಯಿ ಕಿರಿದು ಮಾಡುತ್ತದೆ. ನಿಮಿಷಕ್ಕೆ 60 ಸುತ್ತು ಹಾಕುವ ಗುಂಡುಗಳು ತೂಗುಬಿಂದುವಿನಿಂದ ಸುಮಾರು 25 ಸೆಂಟಿಮೀಟರ್ ಕೆಳಗಿರುತ್ತವೆ; 120 ಸುತ್ತಿಗೆ ಅದು ಕಾಲು ಭಾಗಕ್ಕೆ, ಆರು ಸೆಂಟಿಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಗುಂಡಿನ ತೂಕ ಎಷ್ಟೆಂಬುದು ಲೆಕ್ಕದಲ್ಲಿ ಬರುವುದೇ ಇಲ್ಲ.

ರೈಲಿನ ತಿರುವಿನಲ್ಲಿಯೂ ತೂಕ ಹೀಗೆಯೇ ಮರೆಯಾಗುತ್ತದೆ. ತಿರುವಿನ ಹೊರಹಳಿಯನ್ನು ಎಷ್ಟು ಎತ್ತರಿಸಬೇಕು ಎಂಬುದು ವೇಗದ ವರ್ಗ, ತ್ರಿಜ್ಯ ಮತ್ತು ಹಳಿಗಳ ನಡುವಿನ ಅಂತರದಿಂದ ನಿರ್ಧಾರವಾಗುತ್ತದೆ. ಗೂಡ್ಸ್ ಬಂಡಿಯೋ ಖಾಲಿ ಬೋಗಿಯೋ ಎಂಬುದರಿಂದಲ್ಲ. ಭಾರತೀಯ ರೈಲ್ವೆಯ ಬ್ರಾಡ್‌ಗೇಜಿನಲ್ಲಿ ಹಳಿಯ ನಡುವಿನಿಂದ ಹಳಿಯ ನಡುವಿಗೆ 1750 ಮಿಲಿಮೀಟರ್ ಹಿಡಿಯುತ್ತಾರೆ. 875 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಒಂದೂ ಬದಿಗೆ ಒತ್ತದಂತೆ ಸಾಗಬೇಕಾದರೆ ಹೊರಹಳಿ ಸುಮಾರು 157 ಮಿಲಿಮೀಟರ್ ಮೇಲಿರಬೇಕು. ಪುಸ್ತಕದ ಉತ್ತರ ಅಲ್ಲಿಗೆ ಮುಗಿಯುತ್ತದೆ. ಎಂಜಿನಿಯರ್‌ನ ಕೆಲಸ ಅಲ್ಲಿಂದ ಶುರು. ಅದೇ ತಿರುವಿನಲ್ಲಿ ನಿಧಾನದ ಗೂಡ್ಸ್ ಬಂಡಿಯೂ ಹೋಗಬೇಕು, ಅದರ ಭಾರ ಒಳಹಳಿಯ ಮೇಲೆ ಬಿದ್ದು ಹಳಿ ಸವೆಯುತ್ತದೆ. ಆದ್ದರಿಂದ ಹಳಿಯನ್ನು ತುಸು ಕಡಿಮೆಯೇ ಎತ್ತಿ, ಉಳಿದದ್ದನ್ನು ಚಕ್ರದ ಅಂಚಿಗೆ ಬಿಡುತ್ತಾರೆ. ನೇರ ಹಳಿಯಿಂದ ವೃತ್ತಕ್ಕೆ ಥಟ್ಟನೆ ತಿರುಗಿಸಿದರೆ ಬಲವೂ ಥಟ್ಟನೆ ಬರುತ್ತದೆಂದು ನಡುವೆ ತ್ರಿಜ್ಯ ಸ್ವಲ್ಪ ಸ್ವಲ್ಪವೇ ಕಿರಿದಾಗುವ ಒಂದು ತುಂಡು ಹಾಕುತ್ತಾರೆ.

ಈ ತುಂಡಿನ ಬೆಲೆ ಮೋಜಿನ ಬಂಡಿಗಳವರಿಗೆ ತಡವಾಗಿ ತಿಳಿಯಿತು. 1895ರಲ್ಲಿ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ‘ಫ್ಲಿಪ್ ಫ್ಲ್ಯಾಪ್’ ಎಂಬ ರೈಲು ತೆರೆಯಿತು. ಸುಮಾರು 25 ಅಡಿ ವ್ಯಾಸದ ಕರಾರುವಾಕ್ಕಾದ ವೃತ್ತದಲ್ಲಿ ಜನರನ್ನು ತಲೆಕೆಳಗು ಮಾಡಿ ಸುತ್ತಿಸುತ್ತಿತ್ತು. ಹೈಗನ್ಸ್‌ನ ದಾರದ ಬದಲು ಇಲ್ಲಿ ಕುರ್ಚಿ. ಸುತ್ತು ಪೂರ್ತಿಯಾಗುವ ಕನಿಷ್ಠ ವೇಗದಲ್ಲೂ ತಳದಲ್ಲಿ ಕುರ್ಚಿ ಸವಾರನನ್ನು ತೂಕದ ಆರು ಪಟ್ಟು ಒತ್ತುತ್ತದೆ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಕನಿಷ್ಠ ವೇಗಕ್ಕೇ ನಿಲ್ಲಿಸುವವರು ಯಾರೂ ಇರಲಿಲ್ಲ. ಕತ್ತು ನೋವಿನ ದೂರುಗಳು ಬಂದವು, ಬಂಡಿ ಬಹುಕಾಲ ಬಾಳಲಿಲ್ಲ. 1901ರ ‘ಲೂಪ್ ದ ಲೂಪ್’ ವೃತ್ತವನ್ನು ಮೊಟ್ಟೆಯಂತೆ ಉದ್ದ ಮಾಡಿತು. 1976ರಲ್ಲಿ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಕ್ಯಾಲಿಫೋರ್ನಿಯದ ಒಂದು ಬಂಡಿಗೆ, ವೇಗ ಹೆಚ್ಚಿರುವ ತಳದಲ್ಲಿ ದೊಡ್ಡ ತ್ರಿಜ್ಯ, ವೇಗ ಇಳಿಯುವ ತುದಿಯಲ್ಲಿ ಸಣ್ಣ ತ್ರಿಜ್ಯ ಬರುವಂತೆ ಹನಿಯಾಕಾರದ ಸುತ್ತು ರೂಪಿಸಿದ; ಈಗಿನವು ಹೆಚ್ಚಾಗಿ ಅದೇ ಬಗೆಯವು.

ಜಾತ್ರೆಗಳಲ್ಲಿ ಬಾವಿಯಂಥ ಮರದ ಗೋಡೆಯ ಮೇಲೆ ಮೋಟಾರ್‌ಸೈಕಲ್ ಓಡಿಸುವವರದು ಇದರ ಇನ್ನೊಂದು ಮಗ್ಗುಲು. ಅಲ್ಲಿ ಗೋಡೆ ಒಳಕ್ಕೆ ತಳ್ಳುತ್ತದೆ, ಆ ತಳ್ಳುವಿಕೆಯಿಂದ ಹುಟ್ಟುವ ಘರ್ಷಣೆ ತೂಕವನ್ನು ಹೊರುತ್ತದೆ. ತ್ರಿಜ್ಯ 5 ಮೀಟರ್, ಘರ್ಷಣಾಂಕ 0.8 ಎಂದಿಟ್ಟುಕೊಂಡರೆ ಗಂಟೆಗೆ 28 ಕಿಲೋಮೀಟರ್ ಸಾಕು; ನೋಡುವವರು ಊಹಿಸುವುದಕ್ಕಿಂತ ಬಹಳ ಕಡಿಮೆ.

ಹೈಗನ್ಸ್ ಇಟ್ಟ ಹೆಸರು ಪಾಠದಲ್ಲಿ ಹಿಂದೆ ಸರಿದರೂ ಯಂತ್ರಗಳ ಮೇಲೆ ಗಟ್ಟಿಯಾಗಿ ಉಳಿದಿದೆ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯಂಥ ಕಾರ್ಖಾನೆಗಳಲ್ಲಿ ಸಕ್ಕರೆ ಹರಳಿನಿಂದ ಕಾಕಂಬಿಯನ್ನು ಬೇರ್ಪಡಿಸುವುದು ಸೆಂಟ್ರಿಫ್ಯೂಗಲ್ ಯಂತ್ರ. 60 ಸೆಂಟಿಮೀಟರ್ ತ್ರಿಜ್ಯದ ತೂತಿನ ಬುಟ್ಟಿಯೊಂದು ನಿಮಿಷಕ್ಕೆ 1000 ಸುತ್ತು ಹಾಕಿದರೆ, ಅಂಚಿನಲ್ಲಿರುವುದನ್ನು ವೃತ್ತದಲ್ಲಿ ಹಿಡಿದಿಡಲು ಅದರ ತೂಕದ ಸುಮಾರು 670 ಪಟ್ಟು ಬಲ ಬೇಕು. ಹರಳಿಗೆ ಆ ಬಲವನ್ನು ಬುಟ್ಟಿಯ ಗೋಡೆ ಕೊಡುತ್ತದೆ. ತೂತಿನ ಎದುರಿಗಿರುವ ಕಾಕಂಬಿಗೆ ಅದನ್ನು ಕೊಡುವವರಿಲ್ಲ. ಅದು ನೇರ ಹೊರಟುಹೋಗುತ್ತದೆ. ಯಾರೂ ಅದನ್ನು ಹೊರಕ್ಕೆ ತಳ್ಳಿರುವುದಿಲ್ಲ.

ತರಗತಿಯ ‘ಸಮಸ್ಯೆ’ ಎಂಬ ರೂಪ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೇಂಬ್ರಿಜ್‌ನಿಂದ. ಅಲ್ಲಿನ ಟ್ರೈಪಾಸ್ ಪರೀಕ್ಷೆಗೆ ಎಡ್ವರ್ಡ್ ರೌತ್‌ನಂಥವರು ದಶಕಗಟ್ಟಲೆ ವಿದ್ಯಾರ್ಥಿಗಳನ್ನು ಪಳಗಿಸಿದರು. ಮಣಿ, ತಂತಿ, ಗೋಳದ ತುದಿಯಿಂದ ಜಾರುವ ಕಣ ಇವೆಲ್ಲ ಆ ಅಖಾಡದ ಸಾಮಗ್ರಿ. ಅದೇ ಪರಂಪರೆಯ ಲೋನಿಯ ಪುಸ್ತಕಗಳು ಭಾರತದ ಕಾಲೇಜುಗಳಲ್ಲಿ ತಲೆಮಾರುಗಟ್ಟಲೆ ನಡೆದವು. ಕನ್ನಡದಲ್ಲಿ ಇಂಥ ವಿಷಯ ಬರೆಯುವ ದಾರಿಯನ್ನು ತೆರೆದವರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ಮುಖ್ಯರು. ಅವರ ‘ವಿಜ್ಞಾನ’ ಮಾಸಪತ್ರಿಕೆ 1918ರಲ್ಲಿ ಆರಂಭವಾಯಿತು. ಕೇಂದ್ರಾಭಿಮುಖ, ಕೇಂದ್ರಾಪಗಾಮಿ ಎಂಬ ಇಂದಿನ ಜೋಡಿ ಪದಗಳು ನ್ಯೂಟನ್ ಮತ್ತು ಹೈಗನ್ಸ್‌ರ ಜೋಡಿಗೆ ಸರಿಸಮ ಕನ್ನಡ.

ಈಗ ರೂಢಿಯಲ್ಲಿರುವ ವಿಧಾನ ಇಪ್ಪತ್ತನೆಯ ಶತಮಾನದ ಪಠ್ಯಗಳಲ್ಲಿ ಗಟ್ಟಿಯಾಯಿತು. ವಸ್ತುವನ್ನು ಸುತ್ತಲಿನಿಂದ ಬಿಡಿಸಿ ಒಂಟಿಯಾಗಿ ಬರೆದು, ಅದನ್ನು ಮುಟ್ಟಿರುವವು ಮತ್ತು ಗುರುತ್ವ ಮಾತ್ರ ಕೊಡುವ ಬಲಗಳ ಬಾಣ ಎಳೆಯಬೇಕು. ಕೇಂದ್ರದ ಕಡೆಗಿನ ಅವುಗಳ ಪಾಲನ್ನು ಕೂಡಿಸಿ, ಆ ಮೊತ್ತವನ್ನು ಸೂತ್ರಕ್ಕೆ ಸಮ ಮಾಡಬೇಕು. ವಿದ್ಯಾರ್ಥಿಗಳು ಮುಗ್ಗರಿಸುವುದು ಬಹುಪಾಲು ಒಂದೇ ಜಾಗದಲ್ಲಿ: ಎಳೆತ, ತೂಕ, ಘರ್ಷಣೆಗಳ ಜೊತೆಗೆ ‘ಕೇಂದ್ರಾಭಿಮುಖ ಬಲ’ ಎಂದು ಇನ್ನೊಂದು ಬಾಣ ಎಳೆದುಬಿಡುತ್ತಾರೆ. ಅದು ಬೇರೆ ಬಲವಲ್ಲ, ಇರುವ ಬಲಗಳ ಮೊತ್ತಕ್ಕೆ ಇಟ್ಟ ಹುದ್ದೆ. ಕವಣೆಯಲ್ಲಿ ಆ ಹುದ್ದೆ ಹುರಿಯದು, ರಸ್ತೆಯ ತಿರುವಿನಲ್ಲಿ ಟೈರಿನ ಘರ್ಷಣೆಯದು, ಮರದ ಬಾವಿಯಲ್ಲಿ ಗೋಡೆಯದು.

ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ನಿಗಾ ವಹಿಸುವ ಭೂಸ್ಥಿರ ಉಪಗ್ರಹಗಳಿಗೆ ಬೇರೆ ಯಾವ ಬಾಣವೂ ಇಲ್ಲ, ಗುರುತ್ವವೊಂದೇ. ಅವು ಭೂಮಿಯ ಒಂದು ಸುತ್ತಿನ ಕಾಲದಲ್ಲೇ, ಅಂದರೆ 23 ಗಂಟೆ 56 ನಿಮಿಷ 4 ಸೆಕೆಂಡಿನಲ್ಲಿ ಸುತ್ತಬೇಕು. ನ್ಯೂಟನ್ನಿಗೆ ಚಂದ್ರನ ದೂರವೂ ಕಾಲವೂ ಗೊತ್ತಿದ್ದವು, ಬಲ ಬೇಕಿತ್ತು. ಇಲ್ಲಿ ಬಲದ ನಿಯಮವೂ ಕಾಲವೂ ಗೊತ್ತು, ದೂರ ಬೇಕು. ಅದೇ ಲೆಕ್ಕವನ್ನು ಹಿಂದುಮುಂದಾಗಿ ನಡೆಸಿದರೆ ಭೂಕೇಂದ್ರದಿಂದ 42,164 ಕಿಲೋಮೀಟರ್, ನೆಲದಿಂದ ಸುಮಾರು 35,786 ಕಿಲೋಮೀಟರ್ ಎಂಬ ಉತ್ತರ ಬರುತ್ತದೆ. ಅಲ್ಲಿ ಉಪಗ್ರಹದ ಜವ ಸೆಕೆಂಡಿಗೆ 3.07 ಕಿಲೋಮೀಟರ್, ಮೊದಲ ಒಂದು ಸೆಕೆಂಡಿನಲ್ಲಿ ಅದು ನೇರ ಹಾದಿಯಿಂದ ಭೂಮಿಯ ಕಡೆಗೆ ಬೀಳುವುದು ಸುಮಾರು 11 ಸೆಂಟಿಮೀಟರ್.